ಗಾಳಿ ನಿಲ್ಲದ ಲಾರಿ

ಸಿಗ್ನಲ್ ಹಸಿರಾಯಿತು. ಹಿಂದಿನವರೆಲ್ಲ ಹಾರ್ನ್ ಒತ್ತತೊಡಗಿದರು. ದೇವೇಂದ್ರಪ್ಪನವರನ್ನು ಹೊತ್ತ ಲಾರಿ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಡ್ರೈವರ್ ಬಲ್ಬೀರ್ ಗೇರ್ ಬದಲಿಸಿದ, ಎಕ್ಸಿಲರೇಟರ್ ತುಳಿದ, ಕೊನೆಗೆ ಕಿಟಕಿಯಿಂದ ತಲೆ ಹೊರಹಾಕಿ, "ಬ್ರೇಕ್ ಪಕಡ್ ಲಿಯಾ, ಮಾತಾಜಿ. ಗಾಳಿ ಹೋಗಿ ಹಿಡ್ಕೊಂಡುಬಿಟ್ಟಿದೆ" ಎಂದ.

ಲಾರಿಯ ಮೇಲೆ, ಬಾಳೆಕಂದು ಮತ್ತು ಚೆಂಡುಹೂವಿನ ಮಂಟಪದೊಳಗೆ ದೇವೇಂದ್ರಪ್ಪ ಪದ್ಮಾಸನ ಹಾಕಿ ಕುಳಿತಿದ್ದರು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ, ತಲೆ ವಾಲದಂತೆ ಹಿಂದಿನ ಕಂಬಕ್ಕೆ ಸೇರಿಸಿ ಕಟ್ಟಿದ ಬಿಳಿ ಪಟ್ಟಿ. ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿಯೇ ಒಯ್ದು ಕೂರಿಸಿಯೇ ಮಣ್ಣು ಮಾಡುವುದು ಪದ್ಧತಿ. ಇದು ರಾಜಧಾನಿಯ ದ್ವಾರಕಾ ಬಡಾವಣೆಯ ಶವವಾಹನದವನಿಗೆ ಗೊತ್ತಿರಲಿಲ್ಲ. ಬಂದವನು ನೋಡಿ, "ನಾನು ಮಲಗಿದವರನ್ನು ಮಾತ್ರ ಒಯ್ಯೋದು" ಎಂದು ಬಾಗಿಲು ಹಾಕಿಕೊಂಡು ಹೋದ. ಸುದ್ದಿ ತಿಳಿದ ಬಲ್ಬೀರ್ ಮಾತ್ರ, "ಉಸ್ತಾದ್ ನನ್ನ ಗಾಡೀಲೇ ಹೋಗ್ಲಿ" ಎಂದು ಹತ್ತು ಚಕ್ರದ ಲಾರಿಯನ್ನೇ ತೊಳೆದು ತಂದಿದ್ದ. ಅದರ ಬ್ರೇಕನ್ನು ಹದಿನೈದು ವರ್ಷ ನೋಡಿಕೊಂಡವರು ಇದೇ ದೇವೇಂದ್ರಪ್ಪ.

ಗಂಡನ ಪಕ್ಕ ಜಮಖಾನೆಯ ಮೇಲೆ ಕುಳಿತಿದ್ದ ವಿಜಯಮ್ಮ ಬಿಸಿಲು ನೋಡಿದರು. ನವೆಂಬರ್ ತಿಂಗಳು, ಗಂಟೆ ನಾಲ್ಕೂಕಾಲು. ಹೊತ್ತು ಮುಳುಗುವುದರೊಳಗೆ ಸಮಾಧಿಯಾಗಬೇಕು, ತಪ್ಪಿದರೆ ನಾಳೆಗೇ ಎಂದು ಸ್ವಾಮಿಗಳು ಹೇಳಿಬಿಟ್ಟಿದ್ದರು. ನಜಫ್‌ಗಢದಾಚೆ ಸಮಾಜದವರ ಜಾಗದಲ್ಲಿ ಗುಂಡಿ ತೋಡಿ ಕಾಯುತ್ತಿದ್ದರು. ಈ ಮನುಷ್ಯನನ್ನು ರಾತ್ರಿಯೆಲ್ಲ ಸಿಗ್ನಲ್ ಕೆಳಗೆ ಕೂರಿಸಲು ಆಕೆ ಸಿದ್ಧರಿರಲಿಲ್ಲ.

ಟ್ರಾಫಿಕ್ ಪೊಲೀಸ್ ಸೀಟಿ ಊದುತ್ತ ಬಂದ. "ಮೇಲೆ ಕೂತಿರೋ ಅಂಕಲ್‌ನ ಮೊದಲು ಕೆಳಗಿಳಿಸಿ. ಹಾಗೆ ಕೂತು ಹೋಗೋದು ಮನಾ ಹೈ."

"ಅವರು ತೀರ್‌ಹೋಗಿದಾರೆ ಭಯ್ಯಾ" ಎಂದ ಮಗ ಮಹಂತೇಶ್.

ಪೊಲೀಸ್ ಮತ್ತೊಮ್ಮೆ ಮೇಲೆ ನೋಡಿದ, ಟೋಪಿ ತೆಗೆದ, ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಎರಡು ಪಟ್ಟು ಜೋರಾಗಿ ಸೀಟಿ ಊದಿ ಉಳಿದ ವಾಹನಗಳನ್ನೆಲ್ಲ ಬಳಸಿ ಹೋಗುವಂತೆ ಮಾಡಿದ.

ಅಷ್ಟರಲ್ಲಿ ಕನ್ನಡ ಸಂಘದ ಕಾರ್ಯದರ್ಶಿ ಗುರುರಾಜ ಪಂಚೆ ಎತ್ತಿ ಕಟ್ಟಿ ಹತ್ತೂ ಚಕ್ರಗಳನ್ನು ಒದ್ದು ಬಂದರು. "ಗಾಳಿ ಹೋಗಿದೆ ಅಂತಾನೆ, ಒಂದೂ ಪಂಕ್ಚರ್ ಆಗಿಲ್ಲವಲ್ಲ?"

"ಚಕ್ರದ ಗಾಳಿ ಅಲ್ಲ ಸರ್, ಬ್ರೇಕಿಂದು" ಎಂದ ಮಹಂತೇಶ್.

"ಬ್ರೇಕಿನ ಗಾಳಿ ಹೋದರೆ ಲಾರಿ ಓಡಿಹೋಗಬೇಕಪ್ಪ, ನಿಲ್ಲೋದು ಯಾಕೆ?"

ಮಹಂತೇಶ್ ಗುರ್‌ಗಾಂವ್ ಆಫೀಸಿನಲ್ಲಿ ಇನ್ನೂರು ಜನರ ಕೆಲಸ ನೋಡಿಕೊಳ್ಳುವವನು. ಅಪ್ಪನ ಕೆಲಸದ ಬಗ್ಗೆ ಮಾತ್ರ ಅವನಿಗೆ ಏನೂ ಗೊತ್ತಿರಲಿಲ್ಲ. ಅವನು ಅಮ್ಮನ ಮುಖ ನೋಡಿದ.

*

ಅವತ್ತೂ ಹೀಗೇ ಒಂದು ಲಾರಿ ಧೌಲಾ ಕುವಾಂನಲ್ಲಿ ನಿಂತಿತ್ತು. ಮದುವೆಯಾಗಿ ಮೂರು ತಿಂಗಳು. ಮುನಿರ್ಕಾದ ಬಾಡಿಗೆ ಕೋಣೆಯಿಂದ ಹೊಸ ರೇಷ್ಮೆ ಸೀರೆ ಉಟ್ಟು ವಿಜಯಮ್ಮ ಗಂಡನ ಜೊತೆ ಸಿನಿಮಾಕ್ಕೆ ಹೊರಟಿದ್ದರು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡ ದೇವೇಂದ್ರಪ್ಪ, "ಒಂದು ನಿಮಿಷ" ಎಂದು ಇಳಿದರು, ಹೆಂಡತಿಯನ್ನೂ ಇಳಿಸಿದರು.

ಸರ್ಕಾರಿ ವರ್ಕ್‌ಶಾಪಿನ ಮೆಕ್ಯಾನಿಕ್‌ಗೆ ಭಾನುವಾರವೂ ಕೈ ಸುಮ್ಮನಿರುತ್ತಿರಲಿಲ್ಲ. ಅವರು ಲಾರಿಯಡಿ ತೂರಿಕೊಂಡರು. ಡ್ರೈವರ್ ಊಟಕ್ಕೆ ಹೋಗಿದ್ದ. ಸೀಟಿನಲ್ಲಿ ಕೂತು ಬ್ರೇಕ್ ತುಳಿಯಲು ಇದ್ದವರು ರೇಷ್ಮೆ ಸೀರೆಯವರೊಬ್ಬರೇ.

"ವಿಜಯಾ, ಒತ್ತು. ಗಾಳಿ ಮೀಟರಿನ ಮುಳ್ಳು ಇಳೀತಾ? ಬಿಡು. ಈಗ?"

"ಈಗಲೂ ಇಳೀತಿದೆ."

"ಒತ್ತಿದಾಗ ಮಾತ್ರ ಇಳಿದರೆ ತಪ್ಪು ಬ್ರೇಕಿನ ಕಡೆ. ಬಿಟ್ಟಾಗಲೂ ಇಳಿದರೆ ಗಾಳಿ ಟ್ಯಾಂಕಿನ ಕಡೆ. ನೆನಪಿಟ್ಕೊ."

"ನಾನ್ಯಾಕೆ ನೆನಪಿಟ್ಕೋಬೇಕು?"

ಲಾರಿಯಡಿಯಿಂದ ಬಂದದ್ದು ಪಾಠ. ಗಾಳಿ ಇದ್ದರೆ ಬ್ರೇಕ್ ಬಿಡುತ್ತದೆ, ಗಾಳಿ ಹೋದರೆ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ, ಪ್ರಾಣ ಉಳಿಸಲೆಂದೇ ಹಾಗೆ ಮಾಡಿದ್ದಾರೆ. ಸೋರಿಕೆ ಹುಡುಕಲು ಮೂರೇ ಕೆಲಸ: ಮೊದಲು ಎಂಜಿನ್ ಬಂದ್, ಆಮೇಲೆ ಬಾಯಿ ಬಂದ್, ಆಮೇಲೆ ಕಿವಿ. ಕಿವಿಗೆ ಸಿಗದಿದ್ದರೆ ಸೋಪಿನ ನೀರು. ಎಲ್ಲಿ ಗುಳ್ಳೆಯೋ ಅಲ್ಲಿ ತಪ್ಪು. ಕೊನೆಗೆ ಹೊರಬಂದು ಹೆಂಡತಿಯ ಕಡೆ ನೋಡಿ ಒಮ್ಮೆ ತಲೆಯಾಡಿಸಿದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆಗೆ ಸಿಕ್ಕ ಹೊಗಳಿಕೆ ಅದೊಂದೇ. ಸಿನಿಮಾ ತಪ್ಪಿತು, ಸೀರೆಗೆ ಗ್ರೀಸ್ ಆಯಿತು. ಪೈಪಿನ ಪಿಸುಮಾತು ಕೇಳುವ ಕಿವಿಗೆ ತನ್ನ ಮಾತು ಕೇಳುವುದಿಲ್ಲ ಎಂದು ವಿಜಯಮ್ಮ ಆ ರಾತ್ರಿ ಅತ್ತಿದ್ದರು. ಅದನ್ನೂ ಅವರು ಕೇಳಿಸಿಕೊಳ್ಳದೆ ಗೊರಕೆ ಹೊಡೆದಿದ್ದರು.

*

"ನನ್ನ ಕೆಳಗಿಳಿಸು" ಎಂದರು ವಿಜಯಮ್ಮ.

"ಅಮ್ಮ, ಇವತ್ತು ನೀವು ಇಂಥದ್ದಕ್ಕೆಲ್ಲ ಇಳೀಬಾರದು, ಜನ ಏನಂತಾರೆ" ಎಂದರು ಗುರುರಾಜ.

"ನಿಮಗೆ ಬರುತ್ತಾ? ಬಂದರೆ ನೀವೇ ಮಾಡಿ."

ಗುರುರಾಜ ಪಂಚೆ ಇಳಿಬಿಟ್ಟರು.

"ಬಲ್ಬೀರ್, ಎಂಜಿನ್ ಬಂದ್ ಮಾಡು. ಬ್ರೇಕಿನಿಂದ ಕಾಲು ತೆಗಿ. ಮುಳ್ಳು ಇಳೀತಾ ಇದೆಯಾ?"

ಬಲ್ಬೀರ್ ಮೀಟರಿಗೆ ಮೂಗು ಹತ್ತಿಸಿ ನೋಡಿದ. "ಇಳೀತಾ ಇದೆ ಮಾತಾಜಿ. ಓಡುವಾಗ ಎಂಜಿನ್ ಗಾಳಿ ತುಂಬ್ತಿತ್ತು, ಸರಿ ಇತ್ತು, ನಿಂತ ಮೇಲೆ ಇಳಿಯೋಕೆ ಶುರುವಾಯ್ತು."

"ಅಚ್ಛಾ. ಹಾಗಾದರೆ ಟ್ಯಾಂಕಿನ ಕಡೆ. ಎಲ್ಲ ಬಾಯಿ ಮುಚ್ಚಿ."

ಭಜನೆಯವರು ನಿಲ್ಲಿಸಿದರು. ಅಳುತ್ತಿದ್ದ ನಾದಿನಿ ಲೀಲಾವತಿ ಸೆರಗು ಬಾಯಿಗೆ ಒತ್ತಿಕೊಂಡರು. ಸ್ವಾಮಿಗಳ ಗಂಟೆ ಮಾತ್ರ ಮೊಳಗುತ್ತಲೇ ಇತ್ತು.

"ಬುದ್ಧಿ, ಗಂಟೆ."

"ಯಾತ್ರೆ ಹೊರಟ ಮೇಲೆ ಗಂಟೆ ನಿಲ್ಲಿಸಬಾರದು ತಾಯಿ."

"ಲಾರಿ ಎಲ್ಲಿ ಹೊರಟಿದೆ ಬುದ್ಧಿ?"

ಗಂಟೆ ನಿಂತಿತು. ಬೆಳಗಿನಿಂದ ಗಲಾಟೆಯಾಗಿದ್ದ ಆ ಸಾವಿನಲ್ಲಿ ಮೊದಲ ಸಲ ಮೌನವಾಯಿತು. ವಿಜಯಮ್ಮ ಚಾಸಿಯ ಪಕ್ಕ ಬಗ್ಗಿ ಕಿವಿ ಕೊಟ್ಟರು. ಎಲ್ಲೋ ತೀರ ಸಣ್ಣಗೆ ಸುಂಯ್ ಎನ್ನುತ್ತಿತ್ತು. ಎಲ್ಲಿ ಎಂಬುದು ವಯಸ್ಸಾದ ಕಿವಿಗೆ ಹತ್ತಲಿಲ್ಲ.

"ಸೋಪಿನ ನೀರು ಬೇಕು."

ಬಲ್ಬೀರ್ ಪಾನ್ ಅಂಗಡಿಯಿಂದ ಶಾಂಪೂ ಪ್ಯಾಕೆಟ್ ತಂದ. ಪಾತ್ರೆ ಎಂದು ಇದ್ದದ್ದು ಸ್ವಾಮಿಗಳ ತಾಮ್ರದ ತಂಬಿಗೆ ಒಂದೇ. ಅವರು ಕಣ್ಣು ಮುಚ್ಚಿ ಕೊಟ್ಟುಬಿಟ್ಟರು. ವಿಜಯಮ್ಮ ಒಂದು ಚೆಂಡುಹೂವನ್ನು ನೊರೆಯಲ್ಲಿ ಅದ್ದಿ, ಪೈಪಿನ ಜೋಡಣೆಗಳಿಗೆ ಒಂದೊಂದಾಗಿ ಸವರುತ್ತ ಬಂದರು. ಪೂಜೆ ಮಾಡುತ್ತಿದ್ದಾರೆಂದು ತಿಳಿದು ಪೊಲೀಸ್ ಕೈಮುಗಿದ. ಮೊದಲನೆಯದರಲ್ಲಿ ಗುಳ್ಳೆ ಇಲ್ಲ, ಎರಡನೆಯದರಲ್ಲೂ ಇಲ್ಲ. ಗಾಳಿಯ ಟ್ಯಾಂಕಿನ ತಳಕ್ಕೆ ಸವರಿದಾಗ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದಿತು.

ಅಲ್ಲೊಂದು ಕಬ್ಬಿಣದ ಉಂಗುರವಿತ್ತು. ದಿನಾ ಬೆಳಿಗ್ಗೆ ಅದನ್ನೆಳೆದು ಟ್ಯಾಂಕಿನೊಳಗೆ ಕೂತ ನೀರನ್ನು ಹೊರಬಿಡಬೇಕೆಂದು ದೇವೇಂದ್ರಪ್ಪ ಊಟದ ತಟ್ಟೆಯ ಮುಂದೆ ನೂರು ಸಲ ಹೇಳಿದ್ದರು. ಈಗ ಆ ಉಂಗುರಕ್ಕೆ ಲಾರಿಯ ಪಕ್ಕದುದ್ದಕ್ಕೂ ಬಂದ ದಪ್ಪ ಹೂಹಾರದ ತುದಿಯನ್ನು ಬಿಗಿಯಾಗಿ ಕಟ್ಟಲಾಗಿತ್ತು. ಹಾರದ ಭಾರಕ್ಕೆ ಉಂಗುರ ವಾಲಿ ಗಾಳಿ ಸೋರುತ್ತಿತ್ತು.

"ಇದಕ್ಕೆ ಹಾರ ಕಟ್ಟಿದವರು ಯಾರು?"

ಮಹಂತೇಶ್ ನೆಲ ನೋಡಿದ. "ನಾನು. ಹೂ ಕಟ್ಟೋಕೇ ಅಂತ ಇಟ್ಟಿರೋ ರಿಂಗ್ ಅಂದ್ಕೊಂಡೆ."

ವಿಜಯಮ್ಮನಿಗೆ ನಗು ಬಂತು. ನಗು ತಡೆಯಲು ಹೋಗಿ, ಬೆಳಗಿನಿಂದ ಬಾರದೆ ನಿಂತಿದ್ದ ಅಳು ಬಂದುಬಿಟ್ಟಿತು. ಎರಡೂ ಒಟ್ಟಿಗೇ ಆಗುತ್ತಿದ್ದರೂ ಕೈ ಮಾತ್ರ ಗಂಟು ಬಿಚ್ಚುತ್ತಿತ್ತು. ಸುಂಯ್ ನಿಂತಿತು.

ಬಲ್ಬೀರ್ ಎಂಜಿನ್ ಶುರು ಮಾಡಿ ಮುಳ್ಳು ಮೇಲೇರುವುದನ್ನು ಕಾಯತೊಡಗಿದ. ಮಗ ಅಮ್ಮನನ್ನು ಎತ್ತಿ ಮೇಲೆ ಕೂರಿಸಿದ. ಬಿಸಿಲು ಫ್ಲ್ಯಾಟುಗಳ ಎರಡನೇ ಮಹಡಿಗೆ ಏರಿತ್ತು, ಇನ್ನೂ ಹೊತ್ತಿತ್ತು. ಬಿಚ್ಚಿದ ಹಾರವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಗಂಡನ ಕಡೆ ತಿರುಗಿದರು.

"ಟ್ಯಾಂಕಿನ ಕಡೇನೇ ಇತ್ತು ರೀ" ಎಂದರು.

ಬ್ರೇಕ್ ಟುಸ್ಸೆಂದು ಉಸಿರು ಬಿಟ್ಟಿತು. ಲಾರಿ ಜಗ್ಗಿ ಮುಂದಕ್ಕೆ ಹೊರಟಿತು. ಹಣೆಯ ಪಟ್ಟಿ ಸಡಿಲವಾಗಿ ದೇವೇಂದ್ರಪ್ಪನವರ ತಲೆ ಒಮ್ಮೆ ಮುಂದಕ್ಕೆ ಬಾಗಿ ಮತ್ತೆ ಕಂಬಕ್ಕೆ ಒರಗಿತು.

"ಅಮ್ಮ, ಪಟ್ಟಿ ಬಿಗಿ ಮಾಡ್ಲಾ?" ಎಂದು ಮಹಂತೇಶ್ ಎದ್ದು ನಿಂತ.

"ಇರಲಿ ಬಿಡು" ಎಂದು ವಿಜಯಮ್ಮ ಮಗನ ಕೈ ಹಿಡಿದು ಕೂರಿಸಿದರು.