ಸೋಮವಾರ ಅಗೆದು ನೋಡುವ ಗಡ್ಡೆ

ಒಂದು ಪಟ್ಟಣ. ಹೆಸರು ಬೇಡ ಬಿಡಿ, ಅಲ್ಲಿಯವರಿಗೆ ಬೇಜಾರಾದೀತು. ಅಲ್ಲಿ ಮನೆಮನೆಗೂ ಒಂದು ಪುಟ್ಟ ಕೈತೋಟ. ಜನ ವರ್ಷವರ್ಷವೂ ಚೆಂಡುಹೂವು, ಕರ್ಣಕುಂಡಲದ ಬೀಜ ಚೆಲ್ಲುವರು, ಹೂವು ಮುಡಿಯುವರು, ಗಿಡ ಒಣಗಿದರೆ ಕಿತ್ತು ಮತ್ತೆ ಚೆಲ್ಲುವರು. ಯಾರಿಗೂ ತಕರಾರಿರಲಿಲ್ಲ. ದೊರೆಗೆ ಮಾತ್ರ ಇತ್ತು.

"ವರ್ಷಕ್ಕೇ ಸಾಯುವ ಗಿಡ ನೆಟ್ಟು ನೆಟ್ಟು ನಮ್ಮ ಪ್ರಜೆಗಳ ಬುದ್ಧಿಯೂ ಅಷ್ಟಕ್ಕೇ ನಿಂತಿದೆ" ಎಂದ ದೊರೆ, ಮನೆಗೊಂದು ಸುಗಂಧರಾಜದ ಗಡ್ಡೆ ಹಂಚಿಸಿದ. ಒಮ್ಮೆ ನೆಟ್ಟರೆ ವರ್ಷವರ್ಷವೂ ತಾನೇ ಚಿಗುರುವ ಜಾತಿ. ಒಳ್ಳೆಯ ಯೋಚನೆಯೇ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಅರಮನೆಗೆ ತಾಳ್ಮೆ ಎಲ್ಲಿಂದ ಬರಬೇಕು? ಪ್ರತಿ ಸೋಮವಾರ ತಪಾಸಣೆಯವನು ಹೋಗಿ, ಗಡ್ಡೆ ಅಗೆದು, ಮೊಳಕೆ ನೋಡಿ, ಮತ್ತೆ ಹೂಳಿ ಬರಬೇಕೆಂದು ಅಪ್ಪಣೆಯಾಯಿತು. ಗಡ್ಡೆ ಕೊಳೆಸಿದವರ ತೋಟ ಅರಮನೆಗೆ. ವಾರವಾರವೂ ಅಗೆದರೆ ಯಾವ ಗಡ್ಡೆ ತಾನೇ ಉಳಿದೀತು? ಮೊದಲ ತಿಂಗಳಲ್ಲೇ ಒಂದು ಬೀದಿಯ ತೋಟಗಳೆಲ್ಲ ಹೋದವು.

ಪಕ್ಕದ ಬೀದಿಯಲ್ಲಿ ಹೊನ್ನಾಜಮ್ಮ ಎಂಬ ಒಂಟಿ ಹೆಂಗಸಿದ್ದಳು. ತೋಟದ ಹೂವು ಕಟ್ಟಿ ಮಾರಿದರೆ ಮಾತ್ರ ಅವಳ ಒಲೆ ಉರಿಯುತ್ತಿತ್ತು. ಹೆದರಿ ಸಾಕಾಗಿ, ತಪಾಸಣೆ ತನ್ನ ಬೀದಿಗೆ ಕಾಲಿಡುವ ಮೊದಲೇ ಗಡ್ಡೆಯನ್ನು ಬಚ್ಚಲ ಹಿಂದೆ ನೆಟ್ಟಳು. ಮನೆಯ ಮುಂದಿನ ತೋಟದಲ್ಲಿ ಒಂದು ಈರುಳ್ಳಿ ಹೂತಳು. ಈರುಳ್ಳಿಗೇನು, ಬುಟ್ಟಿಯಲ್ಲಿ ಬಿದ್ದಿದ್ದರೂ ಮೊಳೆಯುತ್ತದೆ.

ತಪಾಸಣೆಯವನು ಅಗೆದು ನೋಡಿ ತಲೆದೂಗಿದ. "ಈರುಳ್ಳಿ ವಾಸನೆ ಬರ್ತಿದೆಯಲ್ಲಮ್ಮ?"

"ಒಳಗೆ ಹುಳಿ ಕುದೀತಾ ಇದೆ, ಸ್ವಾಮಿ."

ಮೂಸಿ ನೋಡಬೇಕೆಂದು ಅಪ್ಪಣೆಯಲ್ಲಿ ಇರಲಿಲ್ಲ. 'ಉತ್ತಮ' ಎಂದು ಬರೆದುಕೊಂಡು ಹೋದ.

ಕೆಲವು ತಿಂಗಳಲ್ಲಿ ಈರುಳ್ಳಿ ಬಿಳಿಯ ಗುಂಡು ಹೂವು ಬಿಟ್ಟಿತು. ಊರಿನಲ್ಲಿ ಹೂ ಕಂಡ ಗಡ್ಡೆ ಅದೊಂದೇ. ದೊರೆ ಪಲ್ಲಕ್ಕಿಯಲ್ಲಿ ಬಂದ, ಬಗ್ಗಿ ಮೂಸಿದ, ಎರಡು ಸಲ ಕೆಮ್ಮಿ "ದಿವ್ಯ ಪರಿಮಳ" ಎಂದ. ದೊರೆಯೇ ಹೇಳಿದ ಮೇಲೆ ಮುಗಿಯಿತಲ್ಲ. ಸುಗಂಧರಾಜವೆಂದರೆ ಇದೇ ಎಂದು ಡಂಗುರ ಹೊಡೆಸಿದರು. ಇದನ್ನು ಬಿಟ್ಟು ಬೇರೆ ಗಡ್ಡೆಯ ಹೂವು ಕಂಡರೆ ಕಿತ್ತು ಹಾಕಬೇಕೆಂದೂ ಸಾರಿದರು. ಹೊನ್ನಾಜಮ್ಮನ ತೋಟ ಉಳಿಯಿತು.

ಮುಂದಿನ ಸೋಮವಾರಕ್ಕೆ ಸರಿಯಾಗಿ ಬಚ್ಚಲ ಹಿಂದಿನ ಗಡ್ಡೆಯೂ ಹೂಬಿಟ್ಟಿತು. ಆ ಘಮಕ್ಕೆ ಹೊನ್ನಾಜಮ್ಮನಿಗೆ ಸಂತೋಷದಿಂದ ಅಳುವೇ ಬಂತು. ಅದೇ ಘಮದ ಜಾಡು ಹಿಡಿದು ತಪಾಸಣೆಯವನೂ ಬಂದ.

"ಇದೇನಮ್ಮ?"

"ಸುಗಂಧರಾಜ, ಸ್ವಾಮಿ."

"ತಮಾಷೆ ಮಾಡಬೇಡಿ. ಸುಗಂಧರಾಜ ಮುಂದಿದೆ, ನಾನೇ ಬರೆದಿದ್ದೀನಿ. ಇದನ್ನ ಕೀಳಿ."

ಮುಂದಿರುವುದು ಈರುಳ್ಳಿ ಎಂದರೆ ತೋಟ ಹೋಗುತ್ತದೆ. ಹೊನ್ನಾಜಮ್ಮ ಗಿಡವನ್ನು ಗಡ್ಡೆಸಮೇತ ಕಿತ್ತಳು.

ಅವನು ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಗಡ್ಡೆ ಬಿಸಾಕಿ. ಹೂವು ಮಾತ್ರ ಇಲ್ಲಿ ಕೊಡಿ, ನಮ್ಮನೆಯವಳಿಗೆ. ಆ ಸುಗಂಧರಾಜ ತಂದರೆ ಹೊಸಲು ದಾಟೋಕೆ ಬಿಡಲ್ಲ ಅವಳು."