ಬಸ್ಸಿನಿಂದ ಇಳಿದ ಸತ್ತ ಹೆಂಡತಿ

ಅಸಿಮಿನಾ ಹುಟ್ಟಿದ್ದು, ಮದುವೆಯಾದದ್ದು, ಕೂದಲು ಹಣ್ಣಾದದ್ದು ಎಲ್ಲ ಗ್ರೀಸಿನ ನಾಕ್ಸೋಸ್ ದ್ವೀಪದಲ್ಲೇ. ಆದರೂ ದಿಮಿತ್ರಾ ದೇವಿಯ ಹಾಳು ಗುಡಿಯನ್ನು ಒಮ್ಮೆಯೂ ನೋಡಿರಲಿಲ್ಲ. ಸಮುದ್ರಕ್ಕೆ ಮೊಣಕಾಲುದ್ದಕ್ಕಿಂತ ಹೆಚ್ಚು ಇಳಿದವಳೂ ಅಲ್ಲ. ಮೇಕೆ, ಚೀಸು, ಆಲೂಗಡ್ಡೆ ಹೊಲ, ಸಾಲದ್ದಕ್ಕೆ ಗಂಡ ಸ್ಟಮಾಟಿಸ್. ಇವುಗಳ ನಡುವೆ ಪುರುಸೊತ್ತೆಲ್ಲಿ?

ಬಂದರಿನ ಪಟ್ಟಣದಲ್ಲಿ ಅವಳ ತಂಗಿ ಮರೂಲಿಯೋ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಜುಲೈ ತಿಂಗಳ ಒಂದು ಬೆಳಿಗ್ಗೆ ಅಸಿಮಿನಾ ಚೀಸು ಕೊಡಲು ಹೋದಾಗ, ಹಾಲೆಂಡಿನ ಹೆಂಗಸೊಬ್ಬಳು ಬೆನ್ನಿಗೆಲ್ಲ ಮೊಸರು ಬಳಿಸಿಕೊಂಡು ಕವುಚಿ ಮಲಗಿದ್ದಳು. ಹಿಂದಿನ ದಿನ ಬಿಸಿಲಲ್ಲಿ ಮರಳಿನ ಮೇಲೆ ನಿದ್ದೆ ಹೋಗಿ ಸುಟ್ಟ ಬದನೆಕಾಯಿಯಂತಾಗಿದ್ದಳು.

"ಇವಳ ಬಸ್ ಟಿಕೀಟು ಸುಮ್ನೆ ಹಾಳಾಗ್ತದೆ. ನೀನೇ ಹೋಗಕ್ಕ," ಎಂದಳು ಮರೂಲಿಯೋ. "ಗುಡಿ, ಹಳ್ಳಿ, ಬೀಚು ಎಲ್ಲ ತೋರಿಸ್ತಾರೆ."

"ನಮ್ಮೂರನ್ನ ನಾನೇ ಟಿಕೀಟು ಹಿಡ್ಕೊಂಡು ನೋಡೋಕೆ ನಂಗೇನು ಹುಚ್ಚಾ?"

ಬಾಯಿ ಹಾಗೆಂದರೂ ಕೈ ಆಗಲೇ ಹಾಲೆಂಡಿನವಳ ಅಗಲದ ಹುಲ್ಲುಟೋಪಿಗೆ ಹೋಗಿತ್ತು. ಕಪ್ಪು ಕನ್ನಡಕವನ್ನೂ ಏರಿಸಿಕೊಂಡಳು.

ಗೈಡ್ ದನಾಯಿ ಅಥೆನ್ಸಿನ ಹುಡುಗಿ. ಬಸ್ಸಿನಲ್ಲಿ ಥೆಸಲೋನಿಕಿಯ ಗಂಡಹೆಂಡತಿಯೂ ಇದ್ದುದರಿಂದ ಎಲ್ಲವನ್ನೂ ಇಂಗ್ಲಿಷಿನಲ್ಲೊಮ್ಮೆ, ಗ್ರೀಕಿನಲ್ಲೊಮ್ಮೆ ಹೇಳುತ್ತಿದ್ದಳು. ಗುಡಿಯ ಹತ್ತಿರ ಎಲ್ಲರೂ ಅಮೃತಶಿಲೆಯ ಕಂಬಗಳನ್ನು ನೋಡಿದರೆ, ಅಸಿಮಿನಾ ನೋಡಿದ್ದು ಕಲ್ಲಿನ ಸಂದಿಯಲ್ಲಿ ಹಬ್ಬಿದ್ದ ಕಾಪಾರಿ ಗಿಡವನ್ನು. ಉಪ್ಪಿನಕಾಯಿಗೆ ಹೇಳಿಮಾಡಿಸಿದಂಥ ಮೊಗ್ಗು! ಕಾವಲುಗಾರ ಸೀಟಿ ಊದಿಕೊಂಡು ಓಡಿಬಂದ.

"ಅಮ್ಮಾ, ಇಲ್ಲಿಂದ ಏನೂ ತಗೊಂಡು ಹೋಗೋ ಹಾಗಿಲ್ಲ!"

"ಕಂಬ ಕಿತ್ಕೊಂಡು ಹೋಗ್ತಿದೀನೇನಪ್ಪಾ? ಮೊಗ್ಗು!"

ಬಸ್ಸು ಮತ್ತೆ ಹೊರಟಿತು. "ಈಗ ಕಾಲವೇ ನಿಂತುಬಿಟ್ಟಿರೋ ಒಂದು ಹಳ್ಳಿ ನೋಡೋಣ," ಎಂದಳು ದನಾಯಿ. ತಿರುವು ದಾಟಿದರೆ, ಅಸಿಮಿನಾಳದೇ ಹಳ್ಳಿ! ಕಾಲ ನಿಂತಿತ್ತೋ ಇಲ್ಲವೋ, ನಲ್ಲಿಯಲ್ಲಿ ನೀರಂತೂ ನಿಂತುಹೋಗಿತ್ತು.

ಲಿಂಬೇರಿಸ್‌ನ ಕಾಫಿ ಅಂಗಡಿಯ ಮುಂದೆ, ಆ ಹೊತ್ತಿಗೆ ಹೊಲದಲ್ಲಿರಬೇಕಾದ ಸ್ಟಮಾಟಿಸ್ ಈಸ್ಟರ್ ಹಬ್ಬದ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ.

"ತಾತ, ಇವರಿಗೂ ನಿಮ್ಮ ಕಥೆ ಹೇಳಿ," ಎಂದಳು ದನಾಯಿ.

ಸ್ಟಮಾಟಿಸ್ ಆಕಾಶ ನೋಡಿ ನಿಟ್ಟುಸಿರು ಬಿಟ್ಟ. "ಏನ್ ಹೇಳ್ಲಿ ಮಗಳೇ? ನನ್ನ ಹೆಂಡ್ತಿ ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಬಂಗಾರದಂಥವಳು. ಒಂದು ದಿನಾನೂ ಗಟ್ಟಿಯಾಗಿ ಮಾತಾಡಿದವಳಲ್ಲ."

ಒಳಗೆ ಲಿಂಬೇರಿಸ್‌ಗೆ ಕೆಮ್ಮು ಹತ್ತಿತು.

"ಅವಳು ಮಾಡ್ತಿದ್ದ ಮೊಲದ ಸಾರಿನ ಪರಿಮಳ ಇನ್ನೂ ಮೂಗಲ್ಲಿದೆ. ಅವಳು ನಡೆದು ಬಂದರೆ ಬೀದಿಗೇ ಬೆಳಕು."

ಥೆಸಲೋನಿಕಿಯ ಹೆಂಗಸು ಗಳಗಳ ಅತ್ತಳು. ಅವಳ ಗಂಡ ತಾತನಿಗೆ ಒಂದು ಲೋಟ ರಾಕಿ ಸಾರಾಯಿ ತರಿಸಿದ. ಹಿಂದೆಯೇ ಕರಿದ ಮೀನೂ ಬಂತು. ಟೋಪಿಯ ಕೆಳಗೆ ಅಸಿಮಿನಾಗೆ ಕೋಪ ನೆತ್ತಿಗೇರಬೇಕಿತ್ತು. ಆದರೆ ಒಂದು ಕ್ಷಣ ಆ ಸತ್ತವಳಿಗಾಗಿ ಅವಳ ಕಣ್ಣೂ ಒದ್ದೆಯಾಯಿತು. ಇಂಥ ಹೊಗಳಿಕೆ ಬದುಕಿದ್ದವಳ ಕಿವಿಗೆ ಎಂದೂ ಬಿದ್ದಿರಲಿಲ್ಲ.

"ಪಾಪ, ಹೇಗೆ ಸತ್ತರು?" ಎಂದಳು, ಸ್ವರ ಸಣ್ಣಗೆ ಮಾಡಿ.

"ಅಂಜೂರದ ಮರದಿಂದ ಬಿದ್ದು. ನಂಗೆ ಹಣ್ಣು ಕೀಳೋಕೆ ಹತ್ತಿದ್ಲು."

"ಅವಳು ಮರ ಹತ್ತಿದಾಗ ಗಂಡ ಎನ್ನಿಸಿಕೊಂಡೋನು ಕೆಳಗೆ ಗೊರಕೆ ಹೊಡೀತಿದ್ನಾ?"

ಈ ಸಲ ಸ್ವರ ಅವಳದೇ ಆಗಿತ್ತು. ರಾಕಿಯ ಲೋಟ ಸ್ಟಮಾಟಿಸ್‌ನ ತುಟಿಯ ಹತ್ತಿರವೇ ನಿಂತಿತು. ಅಸಿಮಿನಾ ಟೋಪಿ ತೆಗೆದಳು. ಅವನು ಗಡಬಡಿಸಿ ಶಿಲುಬೆಯ ಗುರುತು ಮಾಡಿಕೊಂಡ. ಇದೂ ಆಟದ ಭಾಗವೆಂದುಕೊಂಡು ಪ್ರವಾಸಿಗರು ಚಪ್ಪಾಳೆ ತಟ್ಟಿದರು.

"ಮಾರಾಯ್ತಿ, ಮನೆಗೆ ಹೋಗಿ ಮಾತಾಡೋಣ. ಊಟದ ಹೊತ್ತಾಯ್ತು."

"ಸತ್ತವರು ಅಡುಗೆ ಮಾಡ್ತಾರಾ?" ಎಂದವಳೇ ಬಸ್ಸು ಹತ್ತಿದಳು.

ಬೀಚಿನಲ್ಲಿ ಅಸಿಮಿನಾ ಕಾಲುಚೀಲ ಕಳಚಿ, ಥೆಸಲೋನಿಕಿಯವಳ ಕೈಹಿಡಿದು ಎದೆಮಟ್ಟದ ನೀರಿಗೆ ಇಳಿದಳು. ಲಂಗ ಕೊಡೆಯಂತೆ ಅರಳಿ ಸುತ್ತ ತೇಲಿತು. ಅವಳು ಹುಡುಗಿಯಂತೆ ಕಿಲಕಿಲ ನಕ್ಕಳು.

ಅಷ್ಟರಲ್ಲಿ ಲಿಂಬೇರಿಸ್‌ನ ಹಳೇ ವ್ಯಾನು ಬಂತು. ಸೀದುಹೋದ ಮೊಟ್ಟೆ-ಆಲೂಗಡ್ಡೆಯ ಬಾಣಲೆ ಹಿಡಿದು ಸ್ಟಮಾಟಿಸ್ ಇಳಿದ.

"ಯಾಕಯ್ಯಾ ಕೊಂದೆ ನನ್ನ?" ನೀರಿನಿಂದಲೇ ಕೂಗಿದಳು.

"ಮೊದಮೊದಲು ಹೆಂಡ್ತಿ ಮನೇಲಿದಾಳೆ ಅಂತಾನೇ ಹೇಳ್ತಿದ್ದೆ. ಯಾರೂ ಕೂತು ಕೇಳ್ತಿರಲಿಲ್ಲ, ಕುಡಿಯೋಕೂ ಕೊಡಿಸ್ತಿರಲಿಲ್ಲ."

"ಮತ್ತೆ ಆ ಬಂಗಾರ, ಬೆಳಕು? ಅದೂ ಸುಳ್ಳಾ?"

ಸ್ಟಮಾಟಿಸ್ ಬಾಣಲೆಯನ್ನೇ ನೋಡಿದ. "ಗಟ್ಟಿ ಮಾತಿನ ವಿಷಯ ಒಂದು ಸುಳ್ಳು. ಮಿಕ್ಕಿದ್ದೆಲ್ಲ ನಿಜ."

ಅಸಿಮಿನಾ ಅವನತ್ತ ಒದ್ದೆ ಕೈ ಚಾಚಿದಳು. "ಇಳಿ ನೀರಿಗೆ."

"ನಂಗೆ ಈಜೋಕೆ ಬರಲ್ಲ."

"ನಂಗೇನು ಬರ್ತದಾ? ಇಳಿ."

ಅವನು ಬಾಣಲೆಯನ್ನು ಲಿಂಬೇರಿಸ್‌ನ ಕೈಗೆ ಕೊಟ್ಟು, ಇಸ್ತ್ರಿ ಅಂಗಿಯಲ್ಲೇ ಇಳಿದ. ಮೊದಲ ಅಲೆಗೇ ತತ್ತರಿಸಿ ಅವಳ ತೋಳು ಹಿಡಿದುಕೊಂಡ. ದಡದಲ್ಲಿ ಬಸ್ಸು ಹಾರನ್ ಹೊಡೆಯಿತು. ಅಸಿಮಿನಾ ಮಾತ್ರ ತಿರುಗಿ ನೋಡಲಿಲ್ಲ; ಮುಂದಿನ ಅಲೆ ದೊಡ್ಡದಿತ್ತು, ಗಂಡನ ಸೊಂಟ ಬಳಸಿ ಹಿಡಿದು ಕಾಲೂರಿ ನಿಂತಳು.