ಕೊಂಬು ಊದಿದ ಮೇಲೆ

"ಬಡೀರ್ಲಾ ಸೂಳೆಮಕ್ಳಾ. ನಿಮ್ಮಪ್ಪನ ಹೆಣ ಹೊತ್ಕೊಂಡು ಹೋಯ್ತಿದ್ದೀರಾ?"

ಬೇಟೆ ಮೇಸ್ತ್ರಿ ಸ್ಕೇಫ್‌ನ ಬಾಯಿ ಬೆಳಗಿನಿಂದ ನಿಂತಿರಲಿಲ್ಲ. ಹೋಮ್ಸೆಟ್ ಮಹಲಿನ ಒಕ್ಕಲುಗಳಾದ ನಾವು ಮೂವತ್ತು ಜನ ಸಾಲಾಗಿ ಕಾಡು ಸೋವುತ್ತಿದ್ದೆವು. ಕೋಲಿನಿಂದ ಮರಕ್ಕೆ ಬಡಿಯಬೇಕು. ಬೆದರಿದ ಫೆಸೆಂಟ್ ಕೋಳಿಗಳು ಹಾರಿ, ಆಚೆ ಬಯಲಲ್ಲಿ ನಿಂತ ದೊರೆಗಳ ಬಂದೂಕಿಗೆ ಸಿಗಬೇಕು. ಕೊಂಬು ಊದಿದರೆ ಬಂದೂಕು ಇಳಿಯಬೇಕು, ನಾವು ಕಾಡಿನಂಚಿನಲ್ಲಿ ನಿಲ್ಲಬೇಕು.

ಈ ಕಾಡಿನಡಿ ನಮ್ಮ ಹಳೇ ಹಳ್ಳಿ ಹೂತುಹೋಗಿದೆ. ಮಹಲಿನ ಕಿಟಕಿಗೆ ನಮ್ಮ ಒಲೆಯ ಹೊಗೆ ಕಾಣುತ್ತದೆಂದು ಈಗಿನ ದೊರೆ ಸರ್ ಪಿಯರ್ಸ್‌ನ ಅಜ್ಜ ನಲವತ್ತು ಮನೆ ಕೆಡವಿಸಿ ಮರ ನೆಡಿಸಿದ. ದೊರೆಮನೆಯವರು ಅಚ್ಚು ಹಾಕಿಸಿದ ಮಹಲಿನ ಚರಿತ್ರೆಯಲ್ಲಿ ಆ ಅಜ್ಜನ ಕುದುರೆಗಳಿಗೂ ಹೆಸರಿದೆ. ಹಸಿ ಬಾಣಂತಿಯಾಗಿದ್ದಾಗ ಬೀದಿಗೆ ಬಿದ್ದ ನನ್ನಜ್ಜಿಗಿಲ್ಲ.

ಅಣ್ಣ ಜೇಬೆಜ್ ಪಾಚಿಗಟ್ಟಿದ ಕಲ್ಲನ್ನು ಕೋಲಿನಿಂದ ತಟ್ಟಿದ. "ಅಜ್ಜಿ ಒಲೆ ಕಣ್ಲಾ. ಒಸಿ ಮೆತ್ತಗೆ ತುಳಿ, ಬೈದಾಳು."

ಕೊಂಬು ಊದಿತು. ಅಂಚಿಗೆ ಬಂದು ನಿಂತೆವು. ಕೊನೆಯದೊಂದು ಕೋಳಿ ಅಣ್ಣನ ಕಾಲಬುಡದಿಂದ ತಗ್ಗಾಗಿ ಹಾರಿತು. ಇಪ್ಪತ್ತು ಹೆಜ್ಜೆ ದೂರದಿಂದ ಸರ್ ಪಿಯರ್ಸ್ ಗುಂಡು ಹಾರಿಸಿದ.

ಅಣ್ಣನ ಕಣ್ಣೆರಡೂ ಹೋಗಿದ್ದವು. ಗಂಟಲಿಗೆ ಚರೆಗುಂಡು ಹೊಕ್ಕ ತೂತುಗಳಿಂದ ನೆತ್ತರು ಗುಳುಗುಳು ಬರುತ್ತಿತ್ತು. ನನ್ನ ತೊಡೆಯ ಮೇಲೆ ಸತ್ತ.

"ಕೋಳಿ ಬಿತ್ತಾ?" ಎಂದ ಸರ್ ಪಿಯರ್ಸ್.

"ಬಿತ್ತು ಬುದ್ಧಿ," ಎಂದ ಸ್ಕೇಫ್.

"ಇವನ್ಯಾಕೆ ಅಡ್ಡ ಬಂದ?"

"ಕುಡ್ದಿದ್ದ ಬುದ್ಧಿ."

ಅಣ್ಣ ಹೆಂಡ ಮುಟ್ಟದ ಮೆಥಡಿಸ್ಟ್ ಪಂಥದವನು. ಜನ್ಮದಲ್ಲಿ ಬಿಯರ್ ಮೂಸಿದವನಲ್ಲ.

"ಗಾಡಿಗೆ ಹಾಕು. ಊಟ ಆದ್ಮೇಲೆ ಇನ್ನೊಂದು ಸುತ್ತು ಇದೆ."

ಇದ್ದದ್ದು ಒಂದೇ ಗಾಡಿ. ಸತ್ತ ಕೋಳಿಗಳ ಮೇಲೆಯೇ ಅಣ್ಣನನ್ನು ಮಲಗಿಸಿದರು.

ದೊರೆಗಳು ಉಣ್ಣುತ್ತಿದ್ದಾಗ ಅಣ್ಣನ ಭಾವಮೈದ ಈನಕ್ ನಮ್ಮ ಹತ್ತಿರ ಬಂದ. ಸರ್ ಪಿಯರ್ಸ್‌ನ ಹಿಂದೆ ನಿಂತು ಬಂದೂಕು ತುಂಬಿ ಕೊಡುವವನು ಅವನೇ. ಉಳಿದ ದೊರೆಗಳಿಗೆ ತುಂಬುವವರೂ ನಮ್ಮವರೇ.

"ಕೊಂಬು ಊದಿದ್ರೂ ನೀವು ನಿಲ್ಬ್ಯಾಡಿ," ಎಂದ. "ನಾವು ಬಂದೂಕ ತುಂಬಾಕಿಲ್ಲ."

ಮತ್ತೆ ಸೋವಿದೆವು. ಕೋಳಿಗಳು ಎದ್ದವು, ತುಂಬಿದ್ದ ಗುಂಡುಗಳೆಲ್ಲ ಹಾರಿ ಮುಗಿದವು. ಕೊಂಬು ಊದಿತು. ನಾವು ನಿಲ್ಲಲಿಲ್ಲ.

"ನಿಲ್ರಲಾ, ಹಾದರಕ್ಕೆ ಹುಟ್ಟಿದೋವಾ," ಎನ್ನುತ್ತ ಸ್ಕೇಫ್ ಅಡ್ಡ ಬಂದ. ನನ್ನ ಕೋಲು ಅವನ ಬಾಯಿಗೆ ಬಿತ್ತು. ಹಲ್ಲು ಮುರಿದದ್ದು ಕೈಗೆ ಗೊತ್ತಾಯಿತು.

ಸರ್ ಪಿಯರ್ಸ್ ನಮ್ಮಿಂದ ಕಣ್ಣು ತೆಗೆಯದೆ, ರೂಢಿಯಂತೆ, ಬಂದೂಕಿಗಾಗಿ ಕೈಯನ್ನು ಹಿಂದಕ್ಕೆ ಚಾಚಿದ. ಈನಕ್ ತೋಟಾಗಳ ಚೀಲವನ್ನು ಚರಂಡಿಗೆ ಸುರಿಯುತ್ತಿದ್ದ. ಚಾಚಿದ ಕೈ ಹಾಗೇ ಇತ್ತು.

ಕಾಡು ದಾಟಿ ದೊರೆಗಳು ನಿಂತ ಹುಲ್ಲಿಗೆ ಇಳಿದೆವು. ಬಯಲಲ್ಲಿ ಬಡಿಯಲು ಮರಗಳಿರಲಿಲ್ಲ. ಕೋಲು ಯಾರೂ ಕೆಳಗಿಳಿಸಲಿಲ್ಲ.